ಎಲೆ ಕೀಳುವಂತಿಲ್ಲ

ಕಾಡಿಗೆ ಹೋಗೋಣ ಅಂದವಳು ಜೆಸಿಂತಾ.
ಒಮಾನಿನಲ್ಲಿ ಕಾಡೇ, ಎಂದು ನಕ್ಕವರು ನಾವು ನಾಲ್ವರು.
ನಕ್ಕರೂ ರಜೆ ಬರೆದೆವು.
ಇಬ್ರಾ ಆಸ್ಪತ್ರೆಯ ಡ್ಯೂಟಿ ಹಾಳೆಯಲ್ಲಿ
ಐವರ ಸಾಲು ಒಟ್ಟಿಗೇ ಖಾಲಿಯಾದದ್ದು
ಹನ್ನೊಂದು ವರ್ಷಕ್ಕೆ ಇದೇ ಮೊದಲು.

ಆಂಬುಲೆನ್ಸ್ ಬಿಟ್ಟು ಬೇರೇನೋ ಓಡಿಸುವ ಖುಷಿ ಲಿಗೋರಿಗೆ.
ಡಿಕ್ಕಿಯಲ್ಲಿ ಅರವತ್ತು ಲೀಟರ್ ನೀರು,
ಮೈಮೂನಾಳ ಪತ್ತಿರಿ, ನನ್ನ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ,
ಕುಸುಮಾಕ್ಷಿಯ ಎರಡು ಜೊತೆ ಬೂಟು,
ಜೊತೆಗೊಂದು ಪೊಟ್ಟಣ ಉಪ್ಪು, ಜಿಗಣೆಗೆಂದು.
ಕಾಡೆಂದರೆ ಜಿಗಣೆ ಎಂದೇ ಬೆಳೆದವಳು, ಏನು ಮಾಡೋದು.
ಸಿನಾವ್ ದಾಟಿತು, ಮಹೂತ್ ದಾಟಿತು,
ದಾರಿ ಬರೀ ದಾರಿಯಾಗಿ ಉಳಿಯಿತು.

ಅಭಯಾರಣ್ಯದ ಗೇಟಿನಲ್ಲಿ ಕಾವಲುಗಾರ ಸಾಲಿಮ್
ಪರವಾನಗಿ ಓದಿದ, ತಿರುವಿ ಖಾಲಿ ಬದಿಯನ್ನೂ ಓದಿದ,
ಒಂದೊಂದೇ ಬೆರಳು ಮಡಚಿ ಹೇಳಿದ:
ಬೆಂಕಿ ಈ ಕಲ್ಲುಗಳ ನಡುವೆ ಮಾತ್ರ.
ಗಾಡಿ ಗೆರೆ ಬಿಡಬಾರದು.
ಎಲೆ ಕೀಳುವಂತಿಲ್ಲ.
ಯಾವ ಎಲೆ? ಎಂದಳು ಮೈಮೂನಾ, ಕನ್ನಡದಲ್ಲಿ, ಸುತ್ತ ನೋಡಿ.

ಮರಗಳನ್ನು ಎಣಿಸಬಹುದಿತ್ತು. ಎಣಿಸಿದೆವು.
ನಲವತ್ತೊಂದು.
ಒಂದು ಎದ್ದು ನಡೆಯಿತು, ಒಂಟೆ.
ನಲವತ್ತು.

ಸಂಜೆ ಬೇಲಿಯಾಚೆ ಓರಿಕ್ಸ್‌ಗಳು.
ಇಸ್ತ್ರಿ ಹಾಕಿದ ಯೂನಿಫಾರ್ಮಿನ ಬಿಳಿ.
ಪಕ್ಕಕ್ಕೆ ತಿರುಗಿದರೆ ಎರಡು ಕೋಡು ಒಂದೇ ಆಗುವುದು.
ಸಾಲಿಮ್ ಒಂದೊಂದರ ತಾಯಿಯ ಹೆಸರು ಹೇಳಿದ,
ಅಜ್ಜಿಯ ಹೆಸರು ಹೇಳಿದ.
ಅವನಪ್ಪನ ಕಾಲಕ್ಕೆ ಕಾಡಿನದೆಲ್ಲ ಗುಂಡಿಗೆ ಮುಗಿದಿತ್ತಂತೆ,
ಇವುಗಳ ಹಿರಿಯರು ಪೆಟ್ಟಿಗೆಯೊಳಗೆ, ವಿಮಾನದಲ್ಲಿ ಬಂದವರಂತೆ.
ನಮ್ಮ ಹಾಗೇ ಅನ್ನು, ಎಂದಳು ಜೆಸಿಂತಾ.
ಹೂಂ, ಆದರೆ ಇವಕ್ಕೆ ವೀಸಾ ಮುಗಿಯೋದಿಲ್ಲ, ಎಂದ ಲಿಗೋರಿ.
ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಉಪ್ಪು ಮೊಟ್ಟೆಗೆ ಆಯಿತು.

ಎರಡು ಗಂಟೆಗೆ ಐವರಿಗೂ ಎಚ್ಚರ.
ರೌಂಡ್ಸಿನ ಹೊತ್ತು.
ಯಾವ ಮಾನಿಟರೂ ಕೂಗಲಿಲ್ಲ, ಯಾರಿಗೂ ಜ್ವರವಿಲ್ಲ.
ಇಷ್ಟೊಂದು ಆರೋಗ್ಯವಾಗಿರುವ ಕತ್ತಲೆ
ನಮಗೆ ನಿಭಾಯಿಸಲು ಬರಲಿಲ್ಲ.

ಬೆಳಗಿನ ಜಾವ ಸಮುದ್ರದ ಕಡೆಯಿಂದ ಮಂಜು ನಡೆದು ಬಂತು.
ನಲವತ್ತೂ ಮರ ಒರೆಸಿ ಹಾಕಿ
ಒಂದನ್ನು ಮಾತ್ರ ನನ್ನ ಮೂಗಿನ ಮುಂದೆ ಇಟ್ಟಿತು.
ಗರಿಗರಿ ಎಲೆ, ಗಿಡ್ಡ ಮುಳ್ಳು, ಒರಟು ತೊಗಟೆ.
ಗಾಫ್, ಎಂದ ಸಾಲಿಮ್.
ಅಯ್ಯ, ಇದು ಬನ್ನಿ! ನಮ್ಮ ಹುನಗುಂದದ ಬನ್ನಿ!
ಮತ್ತೆ ಇವತ್ತು ತಾರೀಖು ನೋಡಿದರೆ ದಶಮಿ.
ಕೈ ತಾನಾಗಿ ಮೇಲೆ ಹೋಯಿತು.
ಸಾಲಿಮ್ ಕೆಮ್ಮಿದ.

ಎಲೆ ಬಿಟ್ಟೆ. ಎಲೆಯ ತುದಿಗೆ ಬೊಗಸೆ ಹಿಡಿದೆ.
ಒಂದು ಚಮಚ ಆಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತೆ,
ಜೆಸಿಂತಾಳ ಅಂಗೈಗೆ ಸುರಿದೆ:
ಬಂಗಾರ ತಗೊಂಡು ಬಂಗಾರದಂಗ ಇರೂಣು.
ಅವಳು ಲಿಗೋರಿಗೆ, ಅವನು ಮೈಮೂನಾಗೆ,
ಕೈಯಿಂದ ಕೈಗೆ ಕಮ್ಮಿಯಾಗುತ್ತ.
ಕುಡಿಯೋದಾ ಇದನ್ನ? ಎಂದಳು ಕುಸುಮಾಕ್ಷಿ.
ಸಾಲಿಮ್‌ಗೆ ಉಳಿದದ್ದು ಬರೀ ತೇವ.
ಅವನು ಅಂಗೈ ನೆಕ್ಕಿದ.
ನಮ್ಮ ಆಡುಗಳು ವರ್ಷವೆಲ್ಲ ಹೀಗೇ, ಎಂದ.

ಆಗ ಯಾರೋ ಉಸಿರು ಬಿಟ್ಟರು.
ಅವರಿವರ ಮುಖ ನೋಡಿದೆವು. ಆರೂ ಜನ ಬಾಯಿ ಮುಚ್ಚಿದ್ದೆವು.
ಮರದ ಆ ಬದಿ,
ಉದ್ದನೆಯ, ಒದ್ದೆ ಉಸಿರು, ಇನ್ನೊಂದು ಸಲ.
ಮಂಜು ಕರಗಿದಾಗ ಅಲ್ಲಿ ಸೀಳುಗೊರಸಿನ ಗುರುತು,
ಬುಡ ಸುತ್ತಿ, ಬೇಲಿಯ ಕಡೆಗಲ್ಲ, ಬಯಲಿಗೆ.

ಭಾನುವಾರ ಲ್ಯಾಬಿನಲ್ಲಿ ಬೂಟು ಬಿಚ್ಚಿದರೆ
ಅಟ್ಟೆಗೆ ಅಂಟಿ ಬಂದ ಒಂದು ಎಲೆ. ಕಿತ್ತದ್ದಲ್ಲ ಸಾಲಿಮ್, ಆಣೆ.
ಸ್ಲೈಡಿನ ಮೇಲಿಟ್ಟು ಲೆನ್ಸ್ ತಿರುಗಿಸಿದೆ.
ಹೊರಗೆ ರಕ್ತ ಕೊಡಲು ತೋಳು ಮಡಚಿ ಹದಿನಾಲ್ಕು ಜನ.
ಇನ್ನೂ ಒಂದು ನಿಮಿಷ, ಅಂದೆ.